ರಿಜಿಸ್ಟರಿನಲ್ಲಿ ಅಂಟಿಸಿದ ಹಸಿರು ಚೂರು

ನಮ್ಮ ಖಾನಾವಳಿಯ ದುಡ್ಡಿನ ಗಲ್ಲೆಯ ಹಿಂದೆ ಗೋಡೆಗೆ ಒಂದು ಮೊಳೆ ಇದೆ. ಮೊದಲು ಅಲ್ಲಿ ಕ್ಯಾಲೆಂಡರ್ ಇತ್ತು, ಈಗ ಒಂದು ರಿಜಿಸ್ಟರು ತೂಗುತ್ತದೆ. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಮೂಲೆಯ ತೂತಿಗೆ ಪೋಣಿಸಿದ ಬಿಳಿ ದಾರ. ಒಳಗೆಲ್ಲ ನನ್ನ ಅಕ್ಷರ. ಆಹಾರ ಸುರಕ್ಷತೆಯ ಅಧಿಕಾರಿ ಬಂದರೆ ಮೊದಲು ಕೇಳುವುದು ಅದನ್ನೇ. ಕೈಗೆ ತೆಗೆದುಕೊಂಡು ಎಲ್ಲಿ ಬಿಡಿಸಿದರೂ ಅದು ನಲವತ್ತೊಂದನೆಯ ಪುಟಕ್ಕೆ ತೆರೆದುಕೊಳ್ಳುತ್ತದೆ. ಅಲ್ಲಿ ಟೇಪಿನ ಕೆಳಗೆ ಅಕ್ಕಿಕಾಳಿನಷ್ಟು ಹಸಿರು ಗಾಜಿನ ಚೂರು ಇದೆ. ಅಂಟಿಸಿದವಳು ನಾನು.

ಶಿಗ್ಗಾವಿಯ ಹಳೆಯ ರಸ್ತೆಯಲ್ಲಿ ಒಂಬತ್ತು ಟೇಬಲ್ಲಿನ ಖಾನಾವಳಿ ನಮ್ಮದು. ಮಾವನವರು ಶುರು ಮಾಡಿದ್ದು, ಈಗ ನನ್ನ ಗಂಡ ನಡೆಸುತ್ತಾರೆ. ಹಿಂದೆ ಮನೆ, ಮುಂದೆ ಊಟದ ಕೋಣೆ, ಎರಡರ ನಡುವೆ ಅಡುಗೆಮನೆ. ಹಾನಗಲ್ಲಿನಿಂದ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಹೇಳಿದ್ದರು, "ನೀ ಮನಿ ನೋಡ್ಕೋ, ಖಾನಾವಳಿ ನಾವು ನೋಡ್ಕೋತೇವಿ." ಹಾಗೆಯೇ ನಡೆದುಕೊಂಡು ಬಂದಿತ್ತು. ಮಕ್ಕಳ ಡಬ್ಬಿ ಕಟ್ಟುವುದು, ಮನೆಯ ಶೇಂಗಾ ಚಟ್ನಿಗೆ ಬಳ್ಳೊಳ್ಳಿ ಸುಲಿಯುವುದು, ಮಧ್ಯಾಹ್ನ ಒಂದಿಷ್ಟು ಓದುವುದು ನನ್ನ ದಿನವಾಗಿತ್ತು.

ಅಧಿಕಾರಿ ಮೊದಲ ಸಲ ಬಂದಾಗ ಒಂದು ಹಾಳೆಯಲ್ಲಿ ಲೋಪಗಳನ್ನು ಬರೆದುಕೊಟ್ಟು ಹೋದರು. ಕಸದ ಡಬ್ಬಿಗೆ ಮುಚ್ಚಳವಿಲ್ಲ. ಕುಡಿಯುವ ನೀರಿನ ಪರೀಕ್ಷೆಯಾಗಿಲ್ಲ. ಫ್ರಿಜ್ಜಿನಲ್ಲಿ ಹಸಿ ಕಾಯಿಪಲ್ಲೆಯ ಪಕ್ಕದಲ್ಲೇ ಬೆಂದ ಮಡಿಕೆಕಾಳು. ಅಡುಗೆಮನೆಯ ಕಿಟಕಿಗೆ ಜಾಳಿಗೆ ಇಲ್ಲ. ಕೊನೆಯ ಸಾಲು, ದಿನನಿತ್ಯದ ತಪಾಸಣೆಯ ದಾಖಲೆ ಇಟ್ಟಿಲ್ಲ. ಮೊದಲಿನ ನಾಲ್ಕನ್ನು ನನ್ನ ಗಂಡ ಒಂದೇ ವಾರದಲ್ಲಿ ಸರಿಪಡಿಸಿದರು. ಐದನೆಯದಕ್ಕೆ ರಿಜಿಸ್ಟರು ತಂದು ನನ್ನ ಮುಂದಿಟ್ಟರು.

"ಇದೊಂದು ನೀ ಬರಿ. ಕಾನ್ವೆಂಟಿನಾಗ ಕಲ್ತಾಕಿ. ನನ್ನ ಅಕ್ಷರ ನೋಡಿದ್ರ ಸಾಹೇಬ್ರು ಅದಕ್ಕೂ ಒಂದು ನೋಟಿಸ್ ಕೊಡ್ತಾರ."

ನನಗೆ ಒಳಗೊಳಗೇ ಸಂತೋಷವಾಗಿತ್ತು. ಸ್ಕೇಲು ಹಿಡಿದು ಗೆರೆ ಎಳೆದೆ. ಪ್ರತಿ ಪುಟಕ್ಕೂ ನಂಬರು ಹಾಕಿದೆ. ನಮ್ಮ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಸಿಸ್ಟರ್ ಎಲ್ಲರಿಂದಲೂ ಆ ವಾರದ ತಪ್ಪುಗಳನ್ನು ಬರೆಸುತ್ತಿದ್ದರು. ಬರೆದ ತಪ್ಪಿಗೆ ಶಿಕ್ಷೆಯಿರಲಿಲ್ಲ, ಪುಟದ ಕೆಳಗೆ ಒಂದು ಚಿಕ್ಕ ನಕ್ಷತ್ರ ಬೀಳುತ್ತಿತ್ತು. ಬರೆಯದೆ ಬಚ್ಚಿಟ್ಟದ್ದು ಗೊತ್ತಾದರೆ ಮಾತ್ರ ಕೈಗೆ ಪೆಟ್ಟು. ಇನ್ನೊಂದು ನೋಟುಬುಕ್ಕಿನಲ್ಲಿ ಎಲೆ, ಹೂವು, ಹಕ್ಕಿಯ ಗರಿ ಅಂಟಿಸಿ ಪಕ್ಕದಲ್ಲಿ ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಎಂದು ಬರೆಯಬೇಕಿತ್ತು. ರಿಜಿಸ್ಟರು ಬರೆಯುವುದೆಂದರೆ ನನಗೆ ಗೊತ್ತಿದ್ದದ್ದು ಇಷ್ಟೇ.

ದಿನಾ ಬೆಳಿಗ್ಗೆ ಅದನ್ನು ಹಿಡಿದು ಅಡುಗೆಮನೆಗೆ ಹೋಗತೊಡಗಿದೆ. ಹಾಗಾಗಿ ಅಲ್ಲಿ ರೊಟ್ಟಿ ಬಡಿಯುವ ಅಕ್ಕ ನನಗೆ ಹತ್ತಿರವಾದಳು.

ಅವಳು ಹಿರೇಬೆಂಡಿಗೇರಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ, ಇಳಿದ ಮೇಲೂ ಅದನ್ನು ಕೈಯಲ್ಲೇ ಹಿಡಿದುಕೊಂಡು ನಡೆದು ಬರುವಳು. ಬಂದವಳೇ ಸೆರಗು ಬಿಗಿದು, ಒಲೆಯ ಪಕ್ಕದ ರೊಟ್ಟಿಯ ಕಲ್ಲಿನ ಮುಂದೆ ಕುಳಿತರೆ ಮಧ್ಯಾಹ್ನದ ಊಟ ಮುಗಿಯುವ ತನಕ ಏಳುತ್ತಿರಲಿಲ್ಲ. ಎರಡೂ ಕೈಗೆ ಹಸಿರು ಗಾಜಿನ ಬಳೆ, ಒಂದೊಂದು ಕೈಗೆ ಒಂದೊಂದು ಡಜನ್. ಅವಳು ರೊಟ್ಟಿ ಬಡಿಯುವ ಸಪ್ಪಳ ಬೇರೆ, ಬಳೆಯ ಸಪ್ಪಳ ಬೇರೆ. ಅಂಗೈ ಒಂದು ಬಡಿದರೆ ಬಳೆ ಎರಡು ನುಡಿಯುತ್ತಿದ್ದವು. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರೂ ನನಗೆ ಹಿಟ್ಟು ಬಿರುಸಾಯಿತೋ ಮೆತ್ತಗಾಯಿತೋ ಕೇಳಿಯೇ ತಿಳಿಯುತ್ತಿತ್ತು.

ಅವಳ ಗಂಡ ಲಾರಿ ಡ್ರೈವರ್. ಒಂಬತ್ತು ವರ್ಷದ ಹಿಂದೆ ಗೋವಾಕ್ಕೆ ಕಾಯಿಪಲ್ಲೆಯ ಲೋಡು ಒಯ್ದವನು ಲಾರಿಯನ್ನು ಅಲ್ಲೇ ಬಿಟ್ಟು ಎಲ್ಲಿಗೋ ಹೋದ. ಇದ್ದಾನೆಂದು ಹೇಳಿದವರಿಲ್ಲ, ಇಲ್ಲವೆಂದೂ ಯಾರೂ ಹೇಳಲಿಲ್ಲ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಅವಳು ಆ ಮಾತನ್ನು ನಗುತ್ತಲೇ ಎತ್ತುತ್ತಿದ್ದಳು.

"ನಿಮ್ಮ ಮನಿಯವ್ರು ಎಲ್ಲಿ ಹ್ವಾದ್ರು ವೈನಿ?"

"ಸಂತಿಗೆ, ಕಾಯಿಪಲ್ಲೆ ತರಾಕ."

"ಹುಷಾರ್ರಿ ಮತ್ತ. ನಮ್ಮವ್ರೂ ಕಾಯಿಪಲ್ಲೆ ಅಂತನ ಹ್ವಾದವ್ರು."

ವರ್ಷಕ್ಕೆ ಮೂರ್ನಾಲ್ಕು ಸಲ ಸವಣೂರಿನ ಬಳೆಗಾರ ಚಾಚಾ ನಮ್ಮ ಹಿತ್ತಲ ಕಟ್ಟೆಗೆ ಬಂದು ಗಂಟು ಬಿಚ್ಚುತ್ತಿದ್ದರು. ಅಕ್ಕ ಕೈ ಕೊಟ್ಟು ಮುಖ ಆಚೆ ತಿರುಗಿಸಿ ಕೂರುವಳು. ಚಾಚಾ ಅವಳ ಅಂಗೈಯನ್ನು ಹಿಟ್ಟಿನ ಹಾಗೆ ಮಿದುಗೊಳಿಸಿ, ಒಂದೊಂದೇ ಬಳೆ ಏರಿಸುವರು. "ಸಡ್ಲ ಬ್ಯಾಡ ಚಾಚಾ, ಬಿಗೀವ ಹಾಕು. ಹಿಟ್ನ್ಯಾಗ ಜಾರಿ ಬಿದ್ರ ಗಿರಾಕಿ ಬಾಯಾಗ ಹೊಕ್ಕಾವು," ಎನ್ನುತ್ತಿದ್ದಳು. ಅಷ್ಟು ಬಿಗಿ ಬಳೆ ಒಮ್ಮೆ ಏರಿದರೆ ಮತ್ತೆ ಇಳಿಯುವುದಿಲ್ಲ. ತೆಗೆಯಬೇಕೆಂದರೆ ಒಡೆಯಲೇಬೇಕು. ಒಡೆದ ಚೂರುಗಳನ್ನು ಅವಳು ಎಸೆಯುತ್ತಿರಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಮನೆಯಲ್ಲಿ ಒಂದು ಡಬ್ಬಿಗೆ ಹಾಕುತ್ತಿದ್ದಳು. ಗಂಡ ಹೋದಂದಿನಿಂದ ಒಡೆದದ್ದೆಲ್ಲ ಅದರಲ್ಲಿವೆ ಎಂದು ಒಂದು ದಿನ ಹೇಳಿದಳು. "ಬಂದು ಕೇಳಿದ್ರ ತೋರಸ್ತೇನಿ. ನೋಡಪ್ಪಾ, ಒಂದೂ ನಾ ಆಗಿ ತಗದದ್ದಲ್ಲ ಅಂತ."

ಅವಳು ಬಳೆ ತೆಗೆದರೆ ಊರು ಏನೆಂದುಕೊಳ್ಳುತ್ತದೆ ಎಂಬುದನ್ನು ನಮ್ಮ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಬದುಕಿದ್ದಾನೆ ಎನ್ನುವುದಕ್ಕೆ ಅವಳ ಕೈಯೊಂದೇ ಸಾಕ್ಷಿಯಾಗಿತ್ತು.

ಆ ದಿನ ಮೂರನೆಯ ಟೇಬಲ್ಲಿನಲ್ಲಿ ಒಬ್ಬ ನಿವೃತ್ತ ಮಾಸ್ತರರು ಕೂತಿದ್ದರು. ವಾರಕ್ಕೆ ಎರಡು ಸಲ ಬರುವವರು. ಎಣ್ಣೆಗಾಯಿಗೆ ರೊಟ್ಟಿ ಮುರಿದು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು. ಬೆರಳಿನಿಂದ ಏನನ್ನೋ ತೆಗೆದು ತಾಟಿನ ಅಂಚಿನಲ್ಲಿ, ಉಳ್ಳಾಗಡ್ಡಿಯ ಪಕ್ಕದಲ್ಲಿಟ್ಟರು. ಗಲ್ಲೆಯ ಬಳಿ ನಿಂತಿದ್ದ ನನ್ನನ್ನು ಯಾರಿಗೂ ಕೇಳದ ಹಾಗೆ ಕರೆದರು.

"ತಂಗಿ, ಇದನ್ನಷ್ಟು ತಗಿರಿ. ನನಗೇನೂ ಆಗಿಲ್ಲ. ಹಿಂದ ಕುಂತವ್ರ ರೊಟ್ಟಿ ಒಮ್ಮೆ ನೋಡ್ರಿ."

ಒಳಗೆ ಹೋಗಿ ನೋಡಿದರೆ ಅಕ್ಕನ ಎಡಗೈಯ ಒಂದು ಬಳೆಯ ಅಂಚು ಕಲ್ಲಿಗೆ ತಾಗಿ ಚಕ್ಕೆ ಎದ್ದಿತ್ತು. ಅವಳಿಗೇ ಗೊತ್ತಾಗಿರಲಿಲ್ಲ. ನಾನು "ಬಳೆ ಒಡೆದಿದೆ" ಎಂದೆ. ಅತ್ತೆ ಹಿತ್ತಲ ಕಟ್ಟೆಯಿಂದಲೇ ತಿದ್ದಿದರು, "ಒಡದೈತಿ ಅನಬಾರ್ದವಾ, ಹೆಚ್ಚಾಗೈತಿ ಅನ್ನು." ನಾದಿದ್ದ ಹಿಟ್ಟನ್ನೂ ಬೇಯಿಸಿಟ್ಟಿದ್ದ ರೊಟ್ಟಿಯನ್ನೂ ಚೆಲ್ಲಿಸಿದೆವು. ಮಾಸ್ತರರು ಅನ್ನ ಸಾರು ಉಂಡು, ಬಡೇಸೋಪು ಬಾಯಿಗೆ ಹಾಕಿಕೊಂಡು, ಎಂದಿನಂತೆ ಹೋದರು. ಯಾರೂ ದೂರು ಕೊಡಲಿಲ್ಲ. ವಿಷಯ ಅಲ್ಲಿಗೇ ಮುಗಿದಿತ್ತು.

ನಾನು ಮುಗಿಸಲಿಲ್ಲ. ನಲವತ್ತೊಂದನೆಯ ಪುಟದಲ್ಲಿ ಬರೆದೆ, 'ಟೇಬಲ್ ಮೂರು. ರೊಟ್ಟಿಯಲ್ಲಿ ಗಾಜಿನ ಬಳೆಯ ಚೂರು. ಗಿರಾಕಿಗೆ ಪೆಟ್ಟಾಗಿಲ್ಲ. ಹಿಟ್ಟು, ರೊಟ್ಟಿ ಚೆಲ್ಲಲಾಯಿತು.' ಚೂರನ್ನು ತೊಳೆದು, ಒರೆಸಿ, ಮಗಳ ಕಂಪಾಸು ಪೆಟ್ಟಿಗೆಯಿಂದ ಟೇಪು ತಂದು ಪಕ್ಕದಲ್ಲೇ ಅಂಟಿಸಿದೆ. ಟೇಪಿನ ಕೆಳಗೆ ಗಾಳಿಯ ಗುಳ್ಳೆ ಉಳಿಯದಂತೆ ಉಗುರಿನಿಂದ ತೀಡಿದ್ದೂ ನೆನಪಿದೆ.

ಎರಡನೆಯ ತಪಾಸಣೆಗೆ ಅದೇ ಅಧಿಕಾರಿ ಬಂದರು. ಮೃದುವಾಗಿ ಮಾತಾಡುವ ಮನುಷ್ಯ, ಶರ್ಟಿನ ಜೇಬಿನಲ್ಲಿ ಎರಡು ಪೆನ್ನು. ಜಾಳಿಗೆ ಮುಟ್ಟಿ ನೋಡಿದರು, ಫ್ರಿಜ್ಜು ತೆಗೆದು ಮುಚ್ಚಿದರು, ಕಸದ ಡಬ್ಬಿಯ ಮುಚ್ಚಳವನ್ನು ಕಾಲಿನಿಂದ ಒತ್ತಿ ನೋಡಿ ತಲೆಯಾಡಿಸಿದರು. ನನ್ನ ಗಂಡನ ಮುಖ ಅರಳಿತ್ತು. ಆಮೇಲೆ ಅವರು ಗಲ್ಲೆಯ ಪಕ್ಕ ಕುಳಿತು ರಿಜಿಸ್ಟರು ಬಿಡಿಸಿದರು.

"ಯಾರ್ರಿ ಇದನ್ನ ಬರದವ್ರು?"

"ನಾನ್ರಿ," ಎಂದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲಿ ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಹಿಂಗ ಯಾರೂ ಬರಿಯಂಗಿಲ್ರಿ ಮೇಡಂ. ಎಲ್ಲಾರೂ ಒಂದ ದಿನ ಕುಂತು ಇಡೀ ತಿಂಗಳದ್ದು ಸರಿ, ಸರಿ, ಸರಿ ಅಂತ ಬರದಿರ್ತಾರ." ಟೇಪಿನ ಮೇಲೆ ಬೆರಳಾಡಿಸಿದರು. "ನೀವು ಬರೀಲಾರ್ದ ಇದ್ದಿದ್ರ ನಾ ಕೇಳ್ತಿದ್ದಿಲ್ಲ. ಬರದೀರಿ. ಕಣ್ಣಾರೆ ಓದಿದ ಮ್ಯಾಲ ಬಿಡಾಕ ಬರಂಗಿಲ್ಲ."

ಅಡುಗೆಮನೆಗೆ ಮತ್ತೆ ಹೋಗಿ ಅಕ್ಕನ ಕೈ ನೋಡಿದರು. ಪುಟದ ಫೋಟೋ ತೆಗೆದರು. ಯಾರೂ ತೆಗೆದುಹಾಕದಿರಲೆಂದು ಅರ್ಧ ಟೇಪಿನ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಸಹಿ ಮಾಡಿದರು. ನೋಟಿಸಿನಲ್ಲಿ ಬರೆದದ್ದು ಒಂದೇ ಲೋಪ. ಆಹಾರ ಮುಟ್ಟುವವರ ಕೈಯಲ್ಲಿ ಬಳೆ, ಉಂಗುರ, ಗಡಿಯಾರ ಯಾವುದೂ ಇರಕೂಡದು. ಹದಿನೈದು ದಿನಗಳಲ್ಲಿ ಸರಿಪಡಿಸದಿದ್ದರೆ ಪರವಾನಗಿ ತಡೆಹಿಡಿಯಲಾಗುವುದು. ಚಹಾ ಬೇಡವೆಂದು ಹೇಳಿ ಹೊರಟರು.

ನನ್ನ ಗಂಡ ಜೋರು ಮಾಡುವವರಲ್ಲ. ಪುಸ್ತಕವನ್ನು ಮೊಳೆಗೆ ತೂಗಹಾಕಿ, ಗಲ್ಲೆಯ ಮೇಲೆ ಕೈಯೂರಿ ನಿಂತರು.

"ಬರಿ ಅಂದ್ನಿ ಖರೆ. ಅದನ್ನ ಹಚ್ಚು ಅಂತ ಯಾರು ಹೇಳಿದ್ರು ನಿನಗ?"

ಪುಟ ಹರಿದುಬಿಡಲೇ ಎಂದು ಕೇಳಿದೆ. ಹರಿದರೆ ನಲವತ್ತರ ಮುಂದೆ ನಲವತ್ತಮೂರು ಬರುತ್ತದೆ. ನಂಬರು ಹಾಕಿದವಳೂ ನಾನೇ.

ಆ ಹದಿನೈದು ದಿನ ನಾವು ಏನೇನೋ ಮಾಡಿ ನೋಡಿದೆವು. ನನ್ನ ಹಳೆಯ ಸೀರೆಯ ಅಂಚು ಹರಿದು ಬಳೆಯ ಮೇಲೆ ಸುತ್ತಿ ಕಟ್ಟಿದೆ. ಅರ್ಧ ಗಂಟೆಗೆ ಬಟ್ಟೆ ಹಸಿ ಹಿಟ್ಟು ಹೀರಿ ಗಟ್ಟಿಯಾಯಿತು. ಹಂಚಿನ ಕಾವಿಗೆ ಅದರ ಕೆಳಗೆ ಅವಳ ಕೈ ಬೆಂದಂತೆ ಕೆಂಪಾಯಿತು. ಅಧಿಕಾರಿಗೆ ಫೋನು ಮಾಡಿ ಕೇಳಿದೆ. "ಬಟ್ಟಿ ಕಟ್ಟಿದ್ರ ಅದ ಇನ್ನೊಂದು ಲೋಪ ಆಕ್ಕೈತ್ರಿ ಮೇಡಂ," ಎಂದರು. ಪ್ಲಾಸ್ಟಿಕ್ಕಿನ ಕೈಗವಸು ತರಿಸಿದೆವು. ಬಳೆಯ ಮೇಲೆ ಅದು ಏರಲೇ ಇಲ್ಲ, ಅರ್ಧ ಏರಿದ್ದು ಬಿಸಿ ರೊಟ್ಟಿಗೆ ಅಂಟಿಕೊಂಡಿತು. ಅಕ್ಕ ಅದನ್ನು ಬಿಡಿಸುತ್ತ ನಕ್ಕಳು.

"ಛತ್ರಿ ಹಿಡ್ಕೊಂಡು ಜಳಕ ಮಾಡಿಸಿದಂಗಾತು ಬಿಡ್ರಿ ವೈನಿ."

ಅವಳ ಮನೆಯಲ್ಲೇ ಬಡಿದು ತಂದರೆ ಆದೀತೇ ಎಂದು ಮತ್ತೆ ಫೋನು ಮಾಡಿದೆ. ಆಗ ಅವಳ ಹೆಸರಿನಲ್ಲಿ ನೋಂದಣಿಯಾಗಬೇಕು, ಅವಳ ಮನೆಯನ್ನೂ ನೋಡಬೇಕು, ಅಲ್ಲಿಯೂ ಕೈಗೆ ಇದೇ ನಿಯಮ ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಸೋಲಿಸಿತು. ಸಿಟ್ಟು ಮಾಡಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆನೇನೋ. ಅವರು ಹೇಳಿದ್ದು ತಪ್ಪೆಂದು ಹೇಗೆ ಹೇಳಲಿ? ಆ ಚೂರು ಮಾಸ್ತರರ ಗಂಟಲಿಗೆ ಇಳಿದಿದ್ದರೆ? ಅದೇ ಹೊತ್ತಿಗೆ ಆರನೆಯ ಟೇಬಲ್ಲಿನಲ್ಲಿ ಒಂದು ಕೂಸು ರೊಟ್ಟಿಯ ತುಣುಕು ಚೀಪುತ್ತ ಕೂತಿದ್ದನ್ನು ನಾನು ಕಂಡಿದ್ದೆ.

ಮುಸುರೆ ತಿಕ್ಕುವ ಕೆಲಸಕ್ಕಾದರೂ ಹಾಕೋಣ ಎಂದೆ. ನನ್ನ ಗಂಡ, "ಮುಸುರಿಗೆ ಇರೂ ಮುದುಕಿನ್ನ ಎಲ್ಲಿ ಕಳಸ್ಲಿ ಹೇಳು," ಎಂದರು. ಅದೂ ಸರಿಯೇ.

ಒಂದು ದಿನ ಊಟದ ಗದ್ದಲ ಮುಗಿದ ಮೇಲೆ ಅಕ್ಕ ಕಲ್ಲಿನ ಮುಂದೆಯೇ ಕುಳಿತಿದ್ದಳು, ಮನೆಗೆ ಏಳಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಒಣಗಿದ ಹಿಟ್ಟು ಅವಳ ಬಳೆಗಳ ನಡುವೆ ಬಿಳಿ ಗೆರೆಗಳಾಗಿ ಕೂತಿತ್ತು.

"ನೀವು ಸಾಲಿ ಕಲ್ತವ್ರು ವೈನಿ. ಆ ಸಾಹೇಬ್ರಿಗೆ ಬರೀರಲ್ಲ, ಈಕಿ ಗಂಡ ಬರೂತನಕ ಒಂದೀಟು ಬಿಡ್ರಿ ಅಂತ."

"ಬರದ್ರೂ ಅವ್ರ ಕೈಯಾಗಿಲ್ಲ ಅಕ್ಕಾ."

"ಮತ್ತ ಯಾರ ಕೈಯಾಗೈತ್ರಿ?"

ನಾನು ಒಲೆಯ ಕಡೆ ನೋಡಿದೆ. ಬೂದಿಯ ಮೇಲೆ ಒಂದು ಕೆಂಡ ಇನ್ನೂ ಕಣ್ಣು ಬಿಡುತ್ತಿತ್ತು.

"ನೀವು ಸಿಟ್ಟಾಗಿ ಬರದಿಲ್ಲ, ಅಷ್ಟು ಗೊತ್ತೈತಿ ನನಗ," ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಆ ಸಂಜೆ ನನ್ನ ಗಂಡ ಹಿತ್ತಲಲ್ಲಿ ನಿಂತು, ಯಾರಿಗೆ ಎಂದಿಲ್ಲದೆ ಹೇಳಿದರು, "ಬರಿಗೈಯಾಕಿ ಯಾರರ ಸಿಕ್ರ ಹಚ್ಕೊಳ್ಳೂದು, ಬ್ಯಾರೆ ದಾರಿ ಇಲ್ಲ." ಆಡಿದ ಮೇಲೆ ಅವರಿಗೇ ಗೊತ್ತಾಯಿತು. ಕಟ್ಟೆಯ ಮೇಲೆ ಅತ್ತೆ ಬಳ್ಳೊಳ್ಳಿ ಸುಲಿಯುತ್ತಿದ್ದರು. ಮಾವನವರು ಹೋದ ಮೇಲೆ ಅವರ ಕೈ ಬರಿದಾಗಿ ಹನ್ನೆರಡು ವರ್ಷ. ಅತ್ತೆ ತಲೆಯೆತ್ತಲಿಲ್ಲ.

"ದೂರ ಯಾಕ ಹುಡುಕ್ತಿಯಪ್ಪಾ? ನಾ ಇಲ್ಲೇ ಕುಂತೇನಲ್ಲ."

"ಹಂಗಲ್ಲವ್ವಾ..."

"ಹಂಗಲ್ಲ ಅಂದ್ರ ಹೆಂಗ? ನಿಮ್ಮಪ್ಪ ಇದ್ದಾಗ ಈ ಕಲ್ಲಿಗೆ ನಾನ ಕುಂದರ್ತಿದ್ನಿ."

ಹದಿನಾಲ್ಕನೆಯ ದಿನ ಅಕ್ಕ ಎಂದಿನಂತೆ ರೊಟ್ಟಿ ಮುಗಿಸಿ, ಕಲ್ಲು ತೊಳೆದು, ಹಂಚು ಕವುಚಿ ಹಾಕಿ, ಒರೆಸುವ ಬಟ್ಟೆಯನ್ನು ಮಡಿಚಿಟ್ಟಳು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು. ನನಗೆ "ಬರ್ತೇನ್ರಿ ವೈನಿ" ಎಂದಳು, ನಾಳೆ ಬರುವವಳ ಹಾಗೆಯೇ. ನಾನು ಅವಳಿಗೆ ಒಂದು ಡಬ್ಬಿಯಲ್ಲಿ ಗುರೆಳ್ಳು ಚಟ್ನಿ ಕಟ್ಟಿಕೊಟ್ಟೆ. ಅದು ಬಿಟ್ಟು ಇನ್ನೇನು ಕೊಡಬೇಕೆಂದು ನನಗೆ ತೋಚಲಿಲ್ಲ.

ಮರುದಿನ ಅಧಿಕಾರಿ ಬಂದಾಗ ಕಲ್ಲಿನ ಮುಂದೆ ಅತ್ತೆ ಇದ್ದರು. ಅವರ ರೊಟ್ಟಿ ಸಣ್ಣದಾಗಿತ್ತು, ಅಂಚು ಅಲ್ಲಲ್ಲಿ ಬಿರಿದಿತ್ತು. ಅಂಗೈಯ ಸಪ್ಪಳವೊಂದೇ ಕೇಳುತ್ತಿತ್ತು.

"ಅಜ್ಜಿ, ಕೈ ಒಮ್ಮೆ ತೋರಸ್ರಿ."

ಅತ್ತೆ ಎರಡೂ ಕೈಯನ್ನು ಮುಂದೆ ಚಾಚಿದರು, ಅಂಗೈ ಮೇಲೆ, ಆಮೇಲೆ ಕೆಳಗೆ. ಹಿಟ್ಟು ಮೆತ್ತಿದ ಮಣಿಕಟ್ಟು, ಹಳೆಯ ಬಳೆಗಳು ಕೂತಿದ್ದ ಜಾಗದಲ್ಲಿ ಈಗಲೂ ಚರ್ಮ ಸ್ವಲ್ಪ ತೆಳು. ಅಧಿಕಾರಿ ಬಾಗಿ ನೋಡಿ, "ಸರಿ ಅದಾವ್ರಿ, ಹಿಂಗ ಇರಬೇಕು ನೋಡ್ರಿ," ಎಂದು ಬರೆದುಕೊಂಡರು. ಅವರ ಜೀಪು ಹೋದ ಮೇಲೆ ಅತ್ತೆ ಮುಂದಿನ ಉಂಡೆ ಕೈಗೆತ್ತಿಕೊಂಡು ನನಗೆ ಹೇಳಿದರು.

"ನಿಮ್ಮ ಮಾವ ಹ್ವಾದ ಮ್ಯಾಲ ಈ ಕೈ ನೋಡಿ ಸರಿ ಅದಾವ ಅಂದಾಂವ ಇವನ ಮೊದಲಿಗ. ಒಂದು ಮದುವಿ ಮನ್ಯಾಗೂ ಅಕ್ಕಿಕಾಳು ಮುಟ್ಟಗೊಡ್ಲಿಲ್ಲವಾ ಈ ಕೈಗೆ."

ನಾನು ಒಂದು ಲೋಟ ನೀರು ಕೊಟ್ಟೆ. ಕುಡಿದು ಮತ್ತೆ ಬಡಿಯತೊಡಗಿದರು.

ಅವರ ತೋಳು ಹತ್ತು ದಿನಕ್ಕೇ ಸೋತಿತು. ಹಿರೇಕೆರೂರು ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಹೆಂಗಸು ಈಗ ರೊಟ್ಟಿ ಬಡಿಯುತ್ತಾಳೆ. ಗಂಡ ತೀರಿಕೊಂಡವಳು. ಕೆಲಸಕ್ಕೆ ಕೇಳಲು ಬಂದ ದಿನ ನನ್ನ ಗಂಡ ಅವಳ ಮುಖಕ್ಕಿಂತ ಮೊದಲು ಕೈ ನೋಡಿದ್ದನ್ನು ನಾನು ಕಂಡೆ, ನಾನೂ ಹಾಗೇ ನೋಡಿದ್ದೆ. ರೊಟ್ಟಿ ತೆಳ್ಳಗೆ, ದುಂಡಗೆ ಬರುತ್ತದೆ. ಒಳ್ಳೆಯವಳು, ಮಾತು ಕಡಿಮೆ. ಮಾಸ್ತರರು ಈಗಲೂ ವಾರಕ್ಕೆರಡು ಸಲ ಬರುತ್ತಾರೆ. ಅಕ್ಕ ಹೋದ ಮೇಲೆ ಮೊದಲ ಸಲ ಬಂದ ದಿನ ಅವರು ಕೈ ತೊಳೆಯುತ್ತ ಅಡುಗೆಮನೆಯ ಕಡೆ ಕಿವಿಗೊಟ್ಟು ನಿಂತು, "ಅಕಿ ಎಲ್ಲಿ ಹ್ವಾದ್ಲು?" ಎಂದು ಕೇಳಿದರು. "ಬಿಟ್ಲರೀ," ಎಂದೆ. ಅವರು ಕೈ ಒರೆಸಿಕೊಂಡು ಮೂರನೆಯ ಟೇಬಲ್ಲಿಗೆ ಹೋಗಿ ಕುಳಿತರು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ಬಂದಳು. ಚಟ್ನಿಯ ಡಬ್ಬಿಯನ್ನು ತೊಳೆದು, ಒಳಗೆ ಒಂದು ಹಿಡಿ ಹಸಿ ಅಲಸಂದಿ ಹಾಕಿ ತಂದಿದ್ದಳು. ನಮ್ಮಲ್ಲಿ ಬರಿ ಡಬ್ಬಿ ಯಾರೂ ವಾಪಸು ಕೊಡುವುದಿಲ್ಲ. ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಾಳಂತೆ. ಬಿಸಿಲಿಗೆ ಮುಖ ಕಪ್ಪಾಗಿತ್ತು, ಉಗುರಿನ ಸಂದಿಯಲ್ಲಿ ಹಿಟ್ಟಿನ ಬದಲು ಮಣ್ಣು. ಬಳೆ ಹಾಗೇ ಇದ್ದವು. ಅಡುಗೆಮನೆಯ ಬಾಗಿಲವರೆಗೆ ಹೋಗಿ, ಕಲ್ಲಿನ ಮುಂದೆ ಕುಳಿತವಳನ್ನು ನೋಡಿ, ಒಳಗೆ ಹೋಗದೆ ತಿರುಗಿ ಬಂದಳು.

"ವೈನಿ, ಅದು ಎಲ್ಲೈತಿ ತೋರಸ್ರಿ. ನನ್ನ ಚೂರು."

ರಿಜಿಸ್ಟರು ಇಳಿಸಿ ಗಲ್ಲೆಯ ಮೇಲಿಟ್ಟೆ. ಅದು ತಾನೇ ತೆರೆದುಕೊಂಡಿತು. ಅವಳಿಗೆ ಓದಲು ಬರುವುದಿಲ್ಲ. ನನ್ನ ಅಕ್ಷರದ ಮೇಲಿಂದ ಬೆರಳು ಸರಿಸುತ್ತ ಬಂದು ಟೇಪಿನ ಮೇಲೆ ನಿಲ್ಲಿಸಿದಳು.

"ಇಷ್ಟ ಇತ್ತೇನ್ರಿ?"

"ಇಷ್ಟ."

"ಎಲ್ಲಾ ನನ್ನ ಡಬ್ಬ್ಯಾಗ ಅದಾವ್ರಿ. ಇದೊಂದ ಇಲ್ಲ. ಬಿಡಿಸಿ ಕೊಡಾಕ ಬರತೈತೇನು?"

ಟೇಪಿನ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಲು ನೋಡಿದೆ. ಕಾಗದ ಜೊತೆಗೇ ಏಳತೊಡಗಿತು. ಮೇಲೆ ಅಧಿಕಾರಿಯ ಸಹಿ, ಅರ್ಧ ಇತ್ತ, ಅರ್ಧ ಅತ್ತ. ಬಿಡಿಸಿದರೆ ಸಹಿ ಹರಿಯುತ್ತದೆ. ಕೈ ಹಿಂದೆ ತೆಗೆದೆ. ಹಾಗೆ ತೆಗೆಯುವಾಗ ನನ್ನದೇ ಹಸಿರು ಬಳೆಗಳು ಗಲ್ಲೆಗೆ ತಾಗಿ ಸಪ್ಪಳವಾಯಿತು. ನಾನು ಆಹಾರ ಮುಟ್ಟುವವಳಲ್ಲ, ಬರೆಯುವವಳು. ನನ್ನ ಕೈಗೆ ನಿಯಮವಿಲ್ಲ.

ಅವಳು ಎಲ್ಲವನ್ನೂ ನೋಡುತ್ತಿದ್ದಳು.

"ಇರ್ಲಿ ಬಿಡ್ರಿ ವೈನಿ. ಹರೀಬ್ಯಾಡ್ರಿ. ಅಲ್ಲೇ ಇರ್ಲಿ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಕುಳಿತುಕೊಳ್ಳಲಿಲ್ಲ, ಉಣ್ಣು ಎಂದರೆ ಉಂಡು ಬಂದಿದ್ದೇನೆ ಎಂದಳು. ನಾನು ಪುಟವನ್ನು ಮುಚ್ಚದೆ ಹಾಗೇ ಹಿಡಿದುಕೊಂಡು ನಿಂತೆ, ಅವಳು ಸಾಕೆನ್ನುವವರೆಗೂ.

ಅವಳು ಹೋದ ಮೇಲೆ ಆ ದಿನದ ಸಾಲು ಬರೆಯುವುದಿತ್ತು. ನೀರು, ಸರಿ. ಫ್ರಿಜ್ಜು, ಸರಿ. ಕೆಲಸದವರ ಕೈಯಲ್ಲಿ ಬಳೆ ಇಲ್ಲ, ಸರಿ.